ಪಿಂಗ್ ಹೋಯಿತು, ಉತ್ತರ ಯಾಕೆ ಬರಲಿಲ್ಲ?

ಶಿಕ್ಷಕ ಮಿತ್ರರೇ, ನಾರಾಯಣಪೇಟೆಯಿಂದ ಗದ್ವಾಲದ ಅಂಗಡಿಯೊಂದಕ್ಕೆ ಸೀರೆಯ ಗಂಟು ಕಳಿಸಿದ್ದೀರಿ ಎಂದುಕೊಳ್ಳಿ. ಅದು ಮಕ್ತಲ್ ದಾಟಬೇಕು, ಕೃಷ್ಣಾ ನದಿ ದಾಟಬೇಕು. ವಾರವಾದರೂ ‘ಮುಟ್ಟಿತು’ ಎಂಬ ಚೀಟಿ ಬರಲಿಲ್ಲ. ಗಂಟೇ ಹೋಗಲಿಲ್ಲವೋ, ಗಂಟು ಮುಟ್ಟಿ ಚೀಟಿ ದಾರಿ ತಪ್ಪಿತೋ? ಮನೆಯಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣ್ತದೆ. ಎರಡು ಕಂಪ್ಯೂಟರ್ ಜಾಲಗಳ ನಡುವೆ ಪಿಂಗ್ ನಿಂತಾಗಲೂ ಹೀಗೇ.

ಶಾಲೆಯ ಉದಾಹರಣೆಯನ್ನೇ ತಗೊಳ್ಳೋಣ. ಲ್ಯಾಬ್‌ನ ಜಾಲ 192.168.20.0, ಆಫೀಸಿನದು 192.168.10.0. ಎರಡಕ್ಕೂ ಮಾಸ್ಕ್ 255.255.255.0. ನಡುವೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದ ಹಳೆಯ ಲಿನಕ್ಸ್ ಕಂಪ್ಯೂಟರ್. ಲ್ಯಾಬ್ ಕಡೆ ಅದರ ವಿಳಾಸ 192.168.20.1, ಆಫೀಸ್ ಕಡೆ 192.168.10.1. ಇದೇ ನಮ್ಮ ಫೈರ್‌ವಾಲ್. ಆಫೀಸಿನ ಕಂಪ್ಯೂಟರಿನಲ್ಲಿ ಮಕ್ಕಳ ಅಂಕಪಟ್ಟಿ, ಆಧಾರ್ ವಿವರ ಇರ್ತವೆ, ಅದಕ್ಕೇ ಈ ಗೋಡೆ. ಆದರೆ ಮಕ್ಕಳ ಪ್ರಾಜೆಕ್ಟ್ ಹಾಳೆಗಳು ಆಫೀಸಿನ ಪ್ರಿಂಟರಿನಲ್ಲಿ ಬರಬೇಕು. ಪ್ರಿಂಟರಿನ ವಿಳಾಸ 192.168.10.25. ಲ್ಯಾಬ್‌ನಿಂದ ಪಿಂಗ್ ಮಾಡಿದರೆ ಉತ್ತರವಿಲ್ಲ.

ಸಾಮಾನ್ಯವಾಗಿ ನಾವು ಏನು ಮಾಡ್ತೀವಿ? ಕೇಬಲ್ ಬದಲಿಸ್ತೀವಿ, ಆಮೇಲೆ ಹೊಸ ಸ್ವಿಚ್. ಕೊನೆಗೆ ಯಾರೋ “ಫೈರ್‌ವಾಲೇ ತೆಗೆದುಬಿಡ್ರಿ ಸರ್” ಅಂತಾರೆ. ಅಲ್ಲಿಗೆ ಅಂಕಪಟ್ಟಿ ಲ್ಯಾಬ್‌ಗೆ ತೆರೆದಂತೆಯೇ. ಸ್ವಲ್ಪ ತಾಳ್ರಿ.

ಲ್ಯಾಬ್‌ನಿಂದ ಮೊದಲು 20.1ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಕೇಬಲ್, ಸ್ವಿಚ್ ಸರಿ ಇವೆ. ನಂತರ 10.1ಕ್ಕೆ. ಇದಕ್ಕೂ ಉತ್ತರ ಬಂತು ಅಂದರೆ ‘ಆಚೆ ದಡಕ್ಕೆ ಹೋಗಿ ಮುಟ್ಟಿದೆ’ ಎಂದು ಖುಷಿಪಡಬೇಡಿ. 10.1 ಕೂಡ ಅದೇ ನಡುವಿನ ಯಂತ್ರದ ಇನ್ನೊಂದು ಹೆಸರು, ಅದು ತನ್ನ ಪರವಾಗಿ ತಾನೇ ಉತ್ತರ ಕೊಟ್ಟಿದೆ. ಪ್ಯಾಕೆಟ್ ಇನ್ನೂ ನದಿ ದಾಟಿಲ್ಲ. ನನ್ನ ಅನುಭವದಲ್ಲಿ ಅರ್ಧ ದಿನ ಹಾಳಾಗುವುದು ಇಲ್ಲೇ.

ಈಗ ನಡುವಿನ ಯಂತ್ರದಲ್ಲಿ ಟಿಸಿಪಿಡಂಪ್ ಓಡಿಸಿ ಎರಡೂ ಕಾರ್ಡುಗಳನ್ನು ನೋಡಿ. ಲ್ಯಾಬ್ ಕಡೆಯ ಕಾರ್ಡಿಗೆ ಪಿಂಗ್ ಬಂದು, ಆಫೀಸ್ ಕಡೆಯಿಂದ ಹೊರಡದಿದ್ದರೆ ತಪ್ಪು ಆ ಯಂತ್ರದಲ್ಲೇ. ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಮೂಲತಃ 0 ಇರುತ್ತದೆ, ಅಂದರೆ ಬೇರೆಯವರ ಪ್ಯಾಕೆಟ್ ಮುಂದಕ್ಕೆ ಕಳಿಸುವುದಿಲ್ಲ. ಅದನ್ನು 1 ಮಾಡಬೇಕು. ಮಾಡಿದ್ದರೂ ಹೋಗದಿದ್ದರೆ ನಿಯಮ ನೋಡಿ. ಅನುಮತಿಯನ್ನು ‘ಇನ್‌ಪುಟ್’ ಪಟ್ಟಿಯಲ್ಲಿ ಬರೆದಿರುತ್ತಾರೆ. ಅದು ಯಂತ್ರಕ್ಕೇ ಬಂದ ಪ್ಯಾಕೆಟ್‌ಗಳ ಪಟ್ಟಿ. ದಾಟಿ ಹೋಗುವವಕ್ಕೆ ‘ಫಾರ್ವರ್ಡ್’ ಪಟ್ಟಿ ಬೇರೆ ಇದೆ.

ಪಿಂಗ್ ಆಫೀಸ್ ಕಡೆಯಿಂದ ಹೊರಟಿದೆ, ಆದರೆ ಉತ್ತರ ಮರಳಿಲ್ಲ ಎನ್ನೋಣ. ನಡುವಿನ ಯಂತ್ರದಿಂದಲೇ ಪ್ರಿಂಟರಿಗೆ ಪಿಂಗ್ ಮಾಡಿದರೆ ಉತ್ತರ ಬರ್ತದೆ! ಯಾಕೆ? ಉತ್ತರ ಬರೆಯುವಾಗ ಪ್ರಿಂಟರ್ ಮಾಸ್ಕ್ ಹಿಡಿದು ವಿಳಾಸ ಹೋಲಿಸುತ್ತದೆ. 192.168.10.1 ಅದರ ಓಣಿಯದೇ, ನೇರ ಕೊಡುತ್ತದೆ. ಲ್ಯಾಬ್‌ನ 192.168.20.15 ಬೇರೆ ಊರು, ಗೇಟ್‌ವೇಗೆ ಒಪ್ಪಿಸಬೇಕು. ಪ್ರಿಂಟರಿನಲ್ಲಿ ಗೇಟ್‌ವೇ ಜಾಗ ಖಾಲಿ ಬಿಟ್ಟಿರುತ್ತೇವೆ, ಅಥವಾ ಇಂಟರ್‌ನೆಟ್ ರೌಟರಿನ ವಿಳಾಸ ಹಾಕಿರುತ್ತೇವೆ. ಆ ರೌಟರಿಗೆ ಲ್ಯಾಬ್ ಎಲ್ಲಿದೆ ಗೊತ್ತಿಲ್ಲ. ಗಂಟು ಮುಟ್ಟಿತು, ಚೀಟಿ ಕಳೆಯಿತು. ಪ್ರಿಂಟರಿನ ಗೇಟ್‌ವೇ 192.168.10.1 ಎಂದು ಬರೆದರೆ ಸಾಕು.

(ಆಚೆ ಇರುವುದು ವಿಂಡೋಸ್ ಕಂಪ್ಯೂಟರ್ ಆದರೆ ಇನ್ನೊಂದು ಅನುಮಾನ ಸೇರಿಸಿಕೊಳ್ಳಿ: ಅದರ ಸ್ವಂತ ಫೈರ್‌ವಾಲ್ ತನ್ನ ಜಾಲದವರಿಗೆ ಉತ್ತರಿಸಿ, ಬೇರೆ ಜಾಲದ ಪಿಂಗ್‌ಗೆ ಸುಮ್ಮನಿರುವುದುಂಟು.)

ತರಗತಿಯಲ್ಲಿ ಇದನ್ನು ಕಂಪ್ಯೂಟರ್ ಇಲ್ಲದೆಯೂ ಆಡಿಸಬಹುದು. ಎರಡು ಬೆಂಚುಸಾಲು, ನಡುವೆ ಒಬ್ಬ ಹುಡುಗಿ, ಕೈಯಲ್ಲಿ ನಿಯಮದ ಹಾಳೆ. ಚೀಟಿಯ ಮೇಲೆ ‘ಯಾರಿಂದ, ಯಾರಿಗೆ’ ಎರಡನ್ನೂ ಬರೆಸಿ. ಉತ್ತರ ಕೊಡುವವನಿಗೆ ನಡುವಿನವಳನ್ನು ತೋರಿಸದೆ ಬಿಡಿ. ಚೀಟಿ ಹಿಡಿದು ಅವನು ಸುತ್ತ ನೋಡುವಾಗ ಮಕ್ಕಳಿಗೆ ಗೇಟ್‌ವೇ ಅರ್ಥವಾಗುತ್ತದೆ.

ಕೊನೆಗೆ ಫಾರ್ವರ್ಡ್ ಪಟ್ಟಿಯಲ್ಲಿ ಇಷ್ಟೇ ಇರಲಿ: ಲ್ಯಾಬ್‌ನಿಂದ 192.168.10.25ಕ್ಕೆ ಪಿಂಗ್ ಮತ್ತು 9100ನೇ ಪೋರ್ಟ್ (ಹೆಚ್ಚಿನ ನೆಟ್‌ವರ್ಕ್ ಪ್ರಿಂಟರುಗಳು ಕೇಳುವುದು ಇದರಲ್ಲೇ), ಜೊತೆಗೆ ಆಗಲೇ ಶುರುವಾದ ಮಾತಿಗೆ ಬರುವ ಉತ್ತರ. ಉಳಿದದ್ದೆಲ್ಲ ಬಂದ್. ಆಮೇಲೆ ಎರಡು ಪರೀಕ್ಷೆ ಮಾಡ್ರಿ. ಪ್ರಿಂಟರಿನಿಂದ ಹಾಳೆ ಬರಬೇಕು. ಅಂಕಪಟ್ಟಿಯ ಕಂಪ್ಯೂಟರಿಗೆ ಲ್ಯಾಬ್‌ನಿಂದ ಪಿಂಗ್ ಮಾಡಿದರೆ ಏನೂ ಬರಬಾರದು.