ಬೀದಿ ಬೆಕ್ಕುಗಳ ಸಾಹಸಕಥೆಗಳು

ನಮ್ಮ ದೇಶದ ಹಳೆಯ ಕಥೆಗಳಲ್ಲಿ ಬೆಕ್ಕಿಗೆ ಒಳ್ಳೆಯ ಹೆಸರು ದೊರೆತದ್ದು ಕಡಮೆ. ಪಂಚತಂತ್ರದ ಬೆಕ್ಕು ನದೀತೀರದಲ್ಲಿ ತಪಸ್ವಿಯ ವೇಷವನ್ನು ತಾಳಿ, ನ್ಯಾಯ ಕೇಳಲು ಬಂದ ಮೊಲವನ್ನೂ ಹಕ್ಕಿಯನ್ನೂ ಕಿವಿ ಮಂದವೆಂಬ ನೆವದಿಂದ ಹತ್ತಿರಕ್ಕೆ ಕರೆದು ಹಿಡಿದು ತಿನ್ನುವುದು. ಮಹಾಬಲಿಪುರದ ಹೆಬ್ಬಂಡೆಯ ಮೇಲೆ ಮುಂಗಾಲುಗಳನ್ನೆತ್ತಿ ನಿಂತಿರುವ ಬೆಕ್ಕೂ ಅಂಥ ಕಪಟ ತಪಸ್ವಿಯೇ. ತೆನಾಲಿ ರಾಮಕೃಷ್ಣನ ಬೆಕ್ಕಾದರೋ ಸುಡುವ ಹಾಲಿಗೆ ಬಾಯಿಟ್ಟು, ಮತ್ತೆ ಹಾಲನ್ನು ಕಂಡರೆ ಓಡಿಹೋಗುವುದು. ಅಲ್ಲಿ ಜಾಣತನವೆಲ್ಲ ರಾಮಕೃಷ್ಣನದು, ಸಂಕಟವೆಲ್ಲ ಬೆಕ್ಕಿನದು. ಬೆಕ್ಕಿನ ಕಣ್ಣಿನಿಂದಲೇ ಲೋಕವನ್ನು ನೋಡಿ, ಅದರ ಹಸಿವು ಹೆದರಿಕೆ ಧೈರ್ಯಗಳನ್ನು ಮಕ್ಕಳಿಗೆ ಸಾಹಸಕಥೆಯಾಗಿ ಹೇಳಿದ ಕೆಲವು ಇಂಗ್ಲಿಷ್ ಪುಸ್ತಕಗಳುಂಟು. ಅವುಗಳಲ್ಲಿಯೂ ಮನೆಯ ಬೆಕ್ಕಿನ ಕಥೆ ಬೇರೆ, ಬೀದಿಯ ಬೆಕ್ಕಿನ ಕಥೆ ಬೇರೆ. ನಾವು ಇಲ್ಲಿ ವಿಚಾರಿಸುವುದು ಎರಡನೆಯದನ್ನು.

ಇಂಥ ಪುಸ್ತಕವನ್ನು ಮಗಳ ಕೈಯಲ್ಲಿ ಕಂಡ ತಾಯಿತಂದೆಗಳು ಹುಬ್ಬು ಗಂಟಿಕ್ಕುವುದು ಸಹಜ. ಕಸದ ತೊಟ್ಟಿ, ಮೋರಿ, ಇಲಿ, ಕಚ್ಚಾಟ ಇವುಗಳಿಂದ ಹೆಣ್ಣುಮಕ್ಕಳು ಕಲಿಯತಕ್ಕದ್ದೇನೆಂದು ಅವರು ಕೇಳಬಹುದು. ಈ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ಆದರೆ ಈ ಕಥೆಗಳನ್ನು ಒಟ್ಟಿಗೆ ಓದಿದವರಿಗೆ ಒಂದು ವಿಶೇಷವು ಕಾಣದಿರದು. ಹುಡುಗರ ಸಾಹಸಕಥೆಯಲ್ಲಿ ನಾಯಕನು ಹಡಗನ್ನೇರಿ ನಿಧಿಯನ್ನರಸಿ ಹೋಗುವನು. ಬೀದಿ ಬೆಕ್ಕಿನ ಕಥೆಯಲ್ಲಿ ಸಾಹಸವೆಂದರೆ ಬಹುಮಟ್ಟಿಗೆ ವಿದ್ಯಾಭ್ಯಾಸವೇ. ಮನೆಯ ರಕ್ಷೆಯಿಲ್ಲದ ಜೀವವೊಂದು ಬದುಕುವುದನ್ನು ಕಲಿಯಬೇಕು. ಕಲಿಸುವವಳು ಅನೇಕವೇಳೆ ಬೀದಿಯನ್ನು ಬಲ್ಲ ಹೆಣ್ಣುಬೆಕ್ಕು.

ಇದಕ್ಕೆ ಉತ್ತಮ ನಿದರ್ಶನವು ಪಾಲ್ ಗ್ಯಾಲಿಕೋ ಎಂಬ ಅಮೇರಿಕದ ಲೇಖಕನು ೧೯೫೦ರಲ್ಲಿ ಪ್ರಕಟಿಸಿದ “ಜೆನ್ನಿ” ಎಂಬ ಕಾದಂಬರಿ. ಲಂಡನ್ ನಗರದ ಪೀಟರನು ಎಂಟು ವರ್ಷದ ಬಾಲಕ. ತಂದೆ ಸೈನ್ಯದ ಅಧಿಕಾರಿ; ತಾಯಿಗೆ ಔತಣಕೂಟಗಳ ನಡುವೆ ಬಿಡುವಿಲ್ಲ; ಸಾಕುವ ದಾದಿಗೆ ಬೆಕ್ಕೆಂದರೆ ಆಗದು. ಬೀದಿಯ ಆಚೆ ಕಂಡ ಮರಿಯೊಂದನ್ನು ಹಿಡಿಯಲು ಓಡಿದ ಬಾಲಕನು ವಾಹನಕ್ಕೆ ಸಿಕ್ಕಿ ಪ್ರಜ್ಞೆ ತಪ್ಪುವನು. ಎಚ್ಚರವಾದಾಗ ತಾನೇ ಬಿಳಿಯ ಬೆಕ್ಕಾಗಿರುವನು. ದಾದಿಯು ಅವನ ಗುರುತನ್ನರಿಯದೆ ಹೊರಕ್ಕೆ ಅಟ್ಟುವಳು. ಮುಂದೆ ಮಳೆ, ಹಸಿವು, ಬಲಿಷ್ಠವಾದ ಗಂಡುಬೆಕ್ಕಿನ ಏಟು. ಸಾಯುವ ಸ್ಥಿತಿಯಲ್ಲಿದ್ದ ಅವನನ್ನು ಕಾಪಾಡುವವಳೇ ಜೆನ್ನಿ, ಮನುಷ್ಯರಲ್ಲಿ ನಂಬಿಕೆಯನ್ನು ಕಳೆದುಕೊಂಡ ಬಡಕಲು ಹೆಣ್ಣುಬೆಕ್ಕು.

ಈಗ ಪಾಠಗಳು ಆರಂಭವಾಗುವುವು. ಅವುಗಳ ಕ್ರಮವನ್ನು ಉಪಾಧ್ಯಾಯಿನಿಯರು ಗಮನಿಸತಕ್ಕದ್ದು. ಮೊತ್ತಮೊದಲ ಪಾಠಗಳಲ್ಲಿ ಒಂದು ಮೈಯನ್ನು ನೆಕ್ಕಿಕೊಳ್ಳುವುದು. ಅದು ಶುಚಿತ್ವಕ್ಕಾಗಿ ಮಾತ್ರವೆಂದು ಜೆನ್ನಿ ಹೇಳುವುದಿಲ್ಲ. ಅವಮಾನವಾದಾಗ, ದಿಕ್ಕು ತೋಚದಿದ್ದಾಗ, ಎದುರಾಳಿಯು ದುರುಗುಟ್ಟಿ ನೋಡುತ್ತಿರುವಾಗ, ಕುಳಿತು ನಿಧಾನವಾಗಿ ಮೈ ನೆಕ್ಕಿಕೊಂಡರೆ ಮನಸ್ಸಿಗೆ ಸಮಾಧಾನವೂ ಆಲೋಚನೆಗೆ ಅವಕಾಶವೂ ದೊರೆಯುವುವು. ಮತ್ತೊಂದು ಪಾಠವು ಹೊಸ್ತಿಲಿನದು. ಒಳಗಿನಿಂದ ಹೊರಕ್ಕೆ ಎಂದಿಗೂ ಧಾವಿಸಬಾರದು. ಹೊಸ್ತಿಲಿನಲ್ಲಿ ನಿಂತು ವಾಸನೆ, ಸದ್ದು, ಗಾಳಿಗಳಿಂದ ಹೊರಗಿನ ಸಮಾಚಾರವನ್ನು ತಿಳಿದುಕೊಂಡ ಬಳಿಕವೇ ಕಾಲಿಡಬೇಕು. ಬಾಗಿಲನ್ನು ತೆರೆದಮೇಲೂ ಹೋಗದೆ ನಿಲ್ಲುವ ಬೆಕ್ಕನ್ನು ಕಂಡು ಬೇಸರಪಟ್ಟ ಗೃಹಿಣಿಯರಿಗೆ ಇಲ್ಲಿ ಉತ್ತರವುಂಟು.

ಹಾಲು ಕುಡಿಯುವ ಪಾಠವು ನಮಗೆ ಎಲ್ಲಕ್ಕಿಂತ ಪ್ರಿಯವಾದುದು. ಮನುಷ್ಯನ ಅಭ್ಯಾಸದಂತೆ ನಾಲಗೆಯನ್ನು ಮೇಲಕ್ಕೆ ಬಾಗಿಸಿದ ಪೀಟರನ ಮೂಗು ಮೋರೆಯೆಲ್ಲ ಹಾಲಾಗುವುದು. ಬೆಕ್ಕುಗಳು ನಾಲಗೆಯನ್ನು ಕೆಳಮುಖವಾಗಿ ಮಡಿಸುವುವೆಂದು ಜೆನ್ನಿ ತಿದ್ದುವಳು. ೨೦೧೦ರಲ್ಲಿ ಅಮೇರಿಕದ ವಿಜ್ಞಾನಿಗಳು ವೇಗದ ಚಿತ್ರಯಂತ್ರದಿಂದ ಇದನ್ನು ಪರಿಶೀಲಿಸಿದರು. ಹಿಂದಕ್ಕೆ ಮಡಿಸಿದ ನಾಲಗೆಯ ತುದಿಯು ಹಾಲಿನ ಮೇಲ್ಮೈಯನ್ನು ಮುಟ್ಟಿಮುಟ್ಟದಂತೆ ಸೋಕಿ ಥಟ್ಟನೆ ಮೇಲೇಳುವುದೆಂದೂ, ಅದರೊಡನೆ ಎಳೆಯಾಗಿ ಎದ್ದ ಹಾಲನ್ನು ಬೆಕ್ಕು ಕೆಳಕ್ಕೆ ಬೀಳುವ ಮುನ್ನವೇ ಬಾಯಿ ಮುಚ್ಚಿ ಹಿಡಿಯುವುದೆಂದೂ, ಹೀಗೆ ಕ್ಷಣವೊಂದಕ್ಕೆ ಸುಮಾರು ೪ ಸಲ ನಡೆಯುವುದೆಂದೂ ಕಂಡುಬಂದಿತು. ಕಥೆಗಾರನು ಅರುವತ್ತು ವರ್ಷ ಮುಂಚೆ ಬರೆದುದು ಬರಿಯ ಕಲ್ಪನೆಯಾಗಿರಲಿಲ್ಲ.

ಪಾಠಗಳನ್ನು ಕಲಿತ ಶಿಷ್ಯನು ಗುರುವಿನೊಡನೆ ಹಡಗಿನಲ್ಲಿ ಅಡಗಿ ಗ್ಲಾಸ್ಗೋ ಪಟ್ಟಣಕ್ಕೆ ಪ್ರಯಾಣ ಮಾಡುವನು. ಅಲ್ಲಿಯೂ ಜೆನ್ನಿಯ ನಿಯಮವೊಂದುಂಟು: ಹಡಗಿನವರ ಅನ್ನವನ್ನು ಪುಕ್ಕಟೆಯಾಗಿ ತಿನ್ನಲಾಗದು, ಇಲಿಗಳನ್ನು ಹಿಡಿದು ಆ ಋಣವನ್ನು ತೀರಿಸಬೇಕು. ಯಜಮಾನನಿಲ್ಲದ ಪ್ರಾಣಿಗೂ ಮರ್ಯಾದೆಯಿರುವುದೆಂಬುದನ್ನು ಗ್ಯಾಲಿಕೋ ಉಪದೇಶವಿಲ್ಲದೆ ತೋರಿಸಿದ್ದಾನೆ. ಕಡೆಯ ಅಧ್ಯಾಯಗಳಲ್ಲಿ ಕಣ್ಣೀರು ತುಸು ಹೆಚ್ಚಾಯಿತೆಂಬುದು ನಮ್ಮ ಅಭಿಪ್ರಾಯ. ಮಕ್ಕಳು ಅದನ್ನು ಆಕ್ಷೇಪಿಸುವುದಿಲ್ಲ.

ಇದಕ್ಕಿಂತ ಹಳೆಯದು ಅರ್ನೆಸ್ಟ್ ಥಾಂಪ್ಸನ್ ಸೀಟನ್ನನು ೧೯೦೫ರಲ್ಲಿ ಪ್ರಕಟಿಸಿದ ಮೃಗಕಥೆಗಳ ಸಂಗ್ರಹದಲ್ಲಿನ ಕೊಳೆಗೇರಿಯ ಬೆಕ್ಕಿನ ಕಥೆ. ನ್ಯೂಯಾರ್ಕಿನ ಬಡಗೇರಿಯಲ್ಲಿ ಮಾಂಸದ ತಳ್ಳುಬಂಡಿಯವನು ಕೂಗುತ್ತ ಬರುವನು, ಬೆಕ್ಕುಗಳೆಲ್ಲ ಓಡಿಬರುವುವು. ಯಾವ ಬೆಕ್ಕಿನ ಯಜಮಾನನು ಹಣ ಕೊಡುವನೋ ಆ ಬೆಕ್ಕಿಗೆ ತುಂಡು ದೊರೆಯುವುದು, ಉಳಿದವುಗಳಿಗೆ ಗದರಿಕೆ. ನಮ್ಮ ಕಥಾನಾಯಕಿಯು ಉಳಿದವುಗಳಲ್ಲೊಂದು. ಅವಳಿಗೆ ಜೆನ್ನಿಯಂಥ ಗುರುವಿಲ್ಲ, ಹಸಿವೇ ಉಪಾಧ್ಯಾಯಿನಿ. ಕಾಲಾಂತರದಲ್ಲಿ ಪ್ರಾಣಿಗಳ ವ್ಯಾಪಾರಿಯೊಬ್ಬನು ಅವಳ ತುಪ್ಪುಳಿನ ಅಂದವನ್ನು ಕಂಡು, ಸುಳ್ಳು ವಂಶಾವಳಿಯನ್ನೂ ರಾಜಯೋಗ್ಯವಾದ ಹೆಸರನ್ನೂ ಕಟ್ಟಿ ಪ್ರದರ್ಶನಕ್ಕಿಡುವನು. ಶ್ರೀಮಂತರು ಮಾರುಹೋಗಿ ಕೊಂಡೊಯ್ಯುವರು. ಅವಳು ಆ ಅರಮನೆಯಂಥ ಮನೆಯಿಂದ ತಪ್ಪಿಸಿಕೊಂಡು ತನ್ನ ನಾರುವ ಬೀದಿಗೆ ಮರಳುವಳು. ಸಿರಿವಂತರ ಕುಲಾಭಿಮಾನದ ಮೇಲೆ ಇಷ್ಟು ಸವಿಯಾದ ಹಾಸ್ಯವು ಮಕ್ಕಳ ಕಥೆಯಲ್ಲಿ ಅಪರೂಪ. ಆದರೂ ತಾಯಂದಿರಿಗೆ ಒಂದು ಮಾತು: ಆ ಕಾಲದ ಬಿಳಿಯರಲ್ಲಿ ಕಪ್ಪುಜನರ ವಿಷಯವಾಗಿದ್ದ ತಾತ್ಸಾರವು ಇದರಲ್ಲಿಯೂ ನುಸುಳಿದೆ. ಜೊತೆಯಲ್ಲಿ ಕುಳಿತು ಓದಿ, ಅಲ್ಲಲ್ಲಿ ತಡೆದು ಮಾತಾಡುವುದು ಲೇಸು.

ಚಿಕ್ಕ ಮಕ್ಕಳಿಗೆ ಅರ್ಸುಲಾ ಲೆಗ್ವಿನ್ ಎಂಬಾಕೆಯ “ಕ್ಯಾಟ್‌ವಿಂಗ್ಸ್” ಸಾಕು. ೧೯೮೮ರ ಈ ಕಿರುಪುಸ್ತಕದಲ್ಲಿ ಕಸದ ತೊಟ್ಟಿಯ ಬಳಿ ಹುಟ್ಟಿದ ನಾಲ್ಕು ಮರಿಗಳಿಗೆ ರೆಕ್ಕೆಗಳಿವೆ. ಬೆಕ್ಕು ತನ್ನ ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತುವುದೆಂಬ ಮಾತು ನಮ್ಮಲ್ಲಿ ಹಳೆಯದು. ಇಲ್ಲಿನ ತಾಯಿಯು ಅಪಾಯದ ಕೇರಿಯಲ್ಲಿ ತಾನು ಉಳಿದು, ಮಕ್ಕಳನ್ನು ಮಾತ್ರ ಹಾರಿಹೋಗಿರೆಂದು ಕಳುಹಿಸುವಳು. ಮಗಳನ್ನು ದೂರದ ವಿದ್ಯಾರ್ಥಿನಿಲಯದಲ್ಲಿ ಬಿಟ್ಟು ಬಂದ ತಾಯಿಯು ಆ ಪುಟವನ್ನು ಗಟ್ಟಿಯಾಗಿ ಓದುವುದು ಸುಲಭವಲ್ಲ.

ಇನ್ನು ನಮ್ಮ ದೇಶದ ಪುಸ್ತಕ. ನೀಲಾಂಜನಾ ರಾಯ್ ಎಂಬ ಪತ್ರಿಕಾಲೇಖಕಿಯು ಇಂಗ್ಲಿಷಿನಲ್ಲಿ ಬರೆದ “ದಿ ವೈಲ್ಡಿಂಗ್ಸ್” ೨೦೧೨ರಲ್ಲಿ ಹೊರಬಂದಿತು. ಇದರ ಮುಂದಿನ ಭಾಗವು ೨೦೧೩ರಲ್ಲಿ. ಕಥೆ ನಡೆಯುವುದು ದಿಲ್ಲಿಯ ನಿಜಾಮುದ್ದೀನ್ ಬಡಾವಣೆಯ ಗೋಡೆ, ಮಾಳಿಗೆ, ಓಣಿಗಳಲ್ಲಿ. ದರ್ಗಾದ ಬೆಕ್ಕುಗಳೂ ಇವೆ, ಹದ್ದುಗಳೂ ಮುಂಗುಸಿಯೂ ಇವೆ. ಬೆಕ್ಕುಗಳು ಮೀಸೆಗಳ ಮೂಲಕ ದೂರದಿಂದಲೇ ಒಂದರೊಡನೊಂದು ಮಾತಾಡುವುವೆಂಬುದು ಲೇಖಕಿಯ ಕಲ್ಪನೆ. ಮನೆಯೊಂದರಲ್ಲಿ ಸುಖವಾಗಿ ಬೆಳೆಯುತ್ತಿರುವ ಮಾರಾ ಎಂಬ ಕಿತ್ತಳೆಬಣ್ಣದ ಮರಿಗೆ ಈ ಶಕ್ತಿಯು ಎಲ್ಲರನ್ನೂ ಬೆಚ್ಚಿಬೀಳಿಸುವಷ್ಟು ಪ್ರಬಲವಾಗಿದೆ. ಬೀದಿಯವರು ಭಯಪಟ್ಟು ಅವಳನ್ನು ಕೊಲ್ಲಲು ಬೇರಾಲ್ ಎಂಬ ಬೇಟೆಗಾರ್ತಿಯನ್ನು ಕಳುಹಿಸುವರು. ಕೊಲ್ಲಬಂದವಳೇ ಮರಿಗೆ ಗುರುವಾಗುವಳು! ಮಾರಾಳ ಸ್ಥಿತಿಯು ವಿಚಿತ್ರವಾದುದು. ಮನಸ್ಸಿನಿಂದ ಅವಳು ಮೃಗಾಲಯದ ಹುಲಿಗಳವರೆಗೂ ಹೋಗಿ ಬರಬಲ್ಲಳು. ಬಾಗಿಲನ್ನು ದಾಟಲು ಮಾತ್ರ ಕಾಲು ನಡುಗುವುದು. ನಮ್ಮ ಶಾಲೆಗಳ ಎಷ್ಟೋ ಬುದ್ಧಿವಂತೆಯರ ಚಿತ್ರವೇ ಇದೆಂದು ಓದುವಾಗ ನಮಗೆ ತೋರಿತು.

ಅದೇ ಬಡಾವಣೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿದ ಮನೆಯೊಂದುಂಟು. ಅದರೊಳಗಿನ ಬೆಕ್ಕುಗಳಿಗೆ ಹೊರಗಿನ ಗಾಳಿಯಿಲ್ಲ, ಬೇಟೆಯ ಶಿಕ್ಷಣವಿಲ್ಲ. ದತೂರನೆಂಬ ಬಿಳಿಯ ಬೆಕ್ಕು ಅವುಗಳ ಒಡೆಯ. ಬೀದಿಯ ಬೆಕ್ಕುಗಳು ಹೊಟ್ಟೆಗಾಗಿ ಕೊಲ್ಲುವುವು, ಗಡಿಯನ್ನು ಗೌರವಿಸುವುವು. ಆ ಮನೆಯ ಬೆಕ್ಕುಗಳು ಹೊರಬಿದ್ದಾಗ ಕೊಲ್ಲುವುದು ಕೇವಲ ವಿನೋದಕ್ಕಾಗಿ. ಮುಚ್ಚಿದ ಮನೆ ಸಾಧುತ್ವವನ್ನೂ ತೆರೆದ ಬೀದಿ ಕ್ರೌರ್ಯವನ್ನೂ ಬೆಳೆಸುವುದೆಂದು ನಂಬಿದವರು ಈ ಭಾಗವನ್ನು ಎರಡು ಸಲ ಓದಬೇಕು. ಕಾಳಗದ ವರ್ಣನೆಯು ಘೋರವಾದುದು. ಪ್ರಿಯವಾದ ಪಾತ್ರಗಳೂ ಅದರಲ್ಲಿ ಮಡಿಯುವುವು. ಹನ್ನೆರಡು ವರ್ಷಕ್ಕೆ ಕಡಮೆಯ ಬಾಲಕಿಗೆ ನಾವು ಇದನ್ನು ಕೊಡಲಾರೆವು. ದೊಡ್ಡ ಹುಡುಗಿಯರಿಗಾದರೆ ರಜೆಯ ಮೊದಲ ದಿನವೇ ಕೊಟ್ಟು, ಮಾರಾಳು ಮೊದಲ ಭಾಗದಲ್ಲಿಯೇ ಬಾಗಿಲನ್ನು ದಾಟಬೇಕಾಗಿತ್ತೇ ಎಂದು ರಜೆ ಮುಗಿಯುವಾಗ ಕೇಳಿ ನೋಡಬಹುದು.