ಬೆಳ್ಳಿ ಕಣೆಯ ಒಳಗುಟ್ಟು

ಭತ್ತದ ಪೈರಿನ ನಡುವೆ ಈರುಳ್ಳಿಯ ಎಲೆಯಂತೆ ಟೊಳ್ಳಾದ, ಬೆಳ್ಳಿಬಣ್ಣದ ಕಣೆಯನ್ನು ನಮ್ಮಲ್ಲಿ ಹಲವರು ಬಾಲ್ಯದಲ್ಲಿ ಕಂಡಿರಬಹುದು. ಇದು ಸೊಳ್ಳೆಯಂತಿರುವ ಕಣೆ ನೊಣದ ಕೆಲಸ. ಹೆಣ್ಣು ನೊಣವು ರಾತ್ರಿ ವೇಳೆ ಪೈರಿನ ಮೇಲೆ ಮೊಟ್ಟೆಯಿಡುತ್ತದೆ. 3-4 ದಿನಗಳಲ್ಲಿ ಹೊರಬರುವ ಮರಿಹುಳು ತೇವದಲ್ಲಿ ತೆವಳಿ ಸುಳಿಯ ಬುಡವನ್ನು ಸೇರಿ ರಸ ಹೀರುತ್ತದೆ. ಆಗ ಎಲೆಯ ಕವಚವೇ ಕೊಳವೆಯಾಗಿ ಬೆಳೆದು ಹುಳುವಿಗೆ ಮನೆಯಾಗುತ್ತದೆ. ಆ ತೆಂಡೆಯಲ್ಲಿ ತೆನೆ ಮೂಡುವುದಿಲ್ಲ. ಕೋಶಾವಸ್ಥೆಯಲ್ಲಿ ಅದು ತುದಿಗೇರಿ, ರಂಧ್ರ ಕೊರೆದು, ನೊಣವಾಗಿ ಹಾರಿಹೋಗುತ್ತದೆ. ಗದ್ದೆ ಬರಿದಾದಾಗ ಕಾಡುಭತ್ತವೂ ಕೆಲವು ಹುಲ್ಲುಗಳೂ ಅದಕ್ಕೆ ಆಸರೆ.

ಪ್ಲಾಟಿಗ್ಯಾಸ್ಟರ್ ಎಂಬ ಕಿರುಕಣಜವು ಈ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆಯನ್ನಿರಿಸಿ, ಮುಂದೆ ಹುಳುವನ್ನು ಕೊಲ್ಲುತ್ತದೆ. ಕಣೆ ಕಾಣಿಸುವ ಹೊತ್ತಿಗೆ ಆ ತೆಂಡೆಯ ನಷ್ಟ ಆಗಿಹೋಗಿರುತ್ತದೆ. ಆಮೇಲೆ ವಿಷ ಸಿಂಪಡಿಸಿದರೆ ಮಿತ್ರಕಣಜಕ್ಕೂ ಆಪತ್ತು. ಶತ್ರುವಿನಷ್ಟೇ ಮಿತ್ರನನ್ನೂ ಅರಿಯುವುದು ಬೇಸಾಯದ ಮೊದಲ ಪಾಠ.