ಮೊದಲು ಯೆರೂಸಲೇಮ್, ಆಮೇಲೆ ಸ್ಪೇನ್

ಯೌವನಸ್ಥರ ಕೂಟದ ಪಾಠ
ಓದಬೇಕಾದ ಭಾಗಗಳು: ರೋಮಾಪುರದವರಿಗೆ 15:22-28, ಮಾರ್ಕ 7:9-13, ಅರಣ್ಯಕಾಂಡ 8:24-26

 

"ಬ್ರದರ್, ಈ ತಿಂಗಳು ಯೂತ್‌ಗೆ ರಿಟೈರ್ಮೆಂಟ್ ಬಗ್ಗೆ ಮಾತಾಡಿ" ಅಂತ ಪಾಸ್ಟರ್ ಹೇಳಿದಾಗ ನನಗೆ ನಗು ಬಂತು. ಇಲ್ಲಿ ಕೂತಿರೋರಲ್ಲಿ ಅರ್ಧ ಜನಕ್ಕೆ ಇನ್ನೂ ಮೊದಲನೇ ಇನ್‌ಕ್ರಿಮೆಂಟ್ ಬಂದಿಲ್ಲ. ಆದರೆ ಆರಾಧನೆ ಮುಗಿದ ಮೇಲೆ ಟೀ ಕುಡಿಯುತ್ತಾ ನೀವು ಮಾತಾಡೋದು ನನ್ನ ಕಿವಿಗೂ ಬೀಳುತ್ತೆ. ಒಬ್ಬರು ಹೇಳ್ತಾರೆ, "45ಕ್ಕೆ ಕೆಲಸ ಬಿಟ್ಟುಬಿಡ್ತೀನಿ, ಆಮೇಲೆ ಬರೀ ಟ್ರಾವೆಲ್." ಇನ್ನೊಬ್ಬರು ಹೇಳ್ತಾರೆ, "ಅಪ್ಪ-ಅಮ್ಮ ರಿಟೈರ್ ಆದ್ರಲ್ಲ, ಪಾಪು ನೋಡ್ಕೊಳ್ಳೋಕೆ ಇನ್ನೇನು ಚಿಂತೆ?" ಈ ಎರಡು ಮಾತುಗಳ ಮಧ್ಯೆ ಆರು ವರ್ಷ ಸಿಕ್ಕಿಹಾಕಿಕೊಂಡಿದ್ದವನು ನಾನು. ಅದಕ್ಕೇ ಈ ಪಾಠವನ್ನು ಉಪದೇಶದಂತೆ ಅಲ್ಲ, ಸಾಕ್ಷಿಯಂತೆ ಹೇಳ್ತೀನಿ.

1. ನನ್ನ ಕೊರ್ಬಾನ್

2018ರಲ್ಲಿ, 54ನೇ ವಯಸ್ಸಿಗೆ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮೂವತ್ತು ವರ್ಷ ಶಿಫ್ಟ್‌ನಲ್ಲಿ ದುಡಿದವನು. ಗೋಡೆ ಮೇಲೆ ಭೂಪಟ ಅಂಟಿಸಿ, ಹೋಗಬೇಕಾದ ಊರುಗಳಿಗೆಲ್ಲ ಕೆಂಪು ಪಿನ್ ಚುಚ್ಚಿದ್ದೆ. ಮೊದಲನೇ ಪಿನ್ ಇಸ್ರಾಯೇಲ್ ದೇಶಕ್ಕೆ. 2019ರ ನವೆಂಬರ್‌ನಲ್ಲಿ ಹೊರಡುವ ಪವಿತ್ರನಾಡಿನ ಪ್ರವಾಸಕ್ಕೆ ಹೆಸರು ಕೊಟ್ಟು ಹಣ ಕಟ್ಟಿದೆ.

ಅದೇ ನವೆಂಬರ್‌ನಲ್ಲಿ ತಿಪಟೂರಿನಲ್ಲಿರುವ ನಮ್ಮಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ತಮ್ಮ ಫೋನ್ ಮಾಡಿದ: "ಅಣ್ಣಾ, ಮಂಡಿಯಲ್ಲಿ ಕೊಬ್ಬರಿ ವ್ಯಾಪಾರದ ಸಮಯ, ನನಗೆ ಒಬ್ಬನಿಗೇ ಆಗಲ್ಲ. ನೀನು ಈಗ ಫ್ರೀ ಅಲ್ವಾ?" ಆ "ಫ್ರೀ" ಅನ್ನೋ ಮಾತು ನನಗೆ ಚುಚ್ಚಿತು. ಏನು ಹೇಳಿದೆ ಗೊತ್ತಾ? "ಇದು ಸುಮ್ಮನೆ ಟೂರ್ ಅಲ್ಲ ಕಣೋ. ದೇವರೇ ಬಾಗಿಲು ತೆರೆದಿದ್ದಾನೆ. ಆಪರೇಷನ್ ಬಂದಮೇಲೆ ಮಾಡಿಸೋಣ." ದೇವರ ಹೆಸರು ಬಂದ ಮೇಲೆ ತಮ್ಮ ಏನು ಮಾತಾಡ್ತಾನೆ? ಅಮ್ಮ ಫೋನಲ್ಲಿ, "ಹೋಗಿ ಬಾಪ್ಪ, ನನ್ನ ಕಣ್ಣು ಎಲ್ಲಿಗೂ ಓಡಿಹೋಗಲ್ಲ" ಅಂದ್ರು.

ಹೋಗಿ ಬಂದೆ. ಸಂಕ್ರಾಂತಿ ಕಳೆಯಲಿ ಅಂದೆವು. ಆಮೇಲೆ ಅಮ್ಮನಿಗೆ ಕೆಮ್ಮು, ಅದು ವಾಸಿಯಾಗಲಿ ಅಂದೆವು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಬಂತು. ತುರ್ತು ಇಲ್ಲದ ಆಪರೇಷನ್‌ಗಳೆಲ್ಲ ನಿಂತುಹೋದವು. ಅದು ಶುರುವಾದ ಮೇಲೂ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ನಮಗೇ ಭಯ. ಕೊನೆಗೆ ಆಪರೇಷನ್ ಆಗಿದ್ದು 2021ರ ಜನವರಿಯಲ್ಲಿ. ಹದಿನಾಲ್ಕು ತಿಂಗಳು! ಪ್ರತಿದಿನ ಬೆಳಗ್ಗೆ ದೊಡ್ಡಕ್ಷರದ ಬೈಬಲ್ ತೊಡೆಯ ಮೇಲಿಟ್ಟು ಓದುತ್ತಿದ್ದ ನಮ್ಮಮ್ಮ, ಹದಿನಾಲ್ಕು ತಿಂಗಳು ಆ ಪುಸ್ತಕವನ್ನು ಮುಟ್ಟಿ ನೋಡಿ ಮುಚ್ಚಿಡುತ್ತಿದ್ದರು. ಪಕ್ಕದ ಮನೆ ಹುಡುಗಿ ಬಂದಾಗ ಒಂದು ಅಧ್ಯಾಯ ಓದಿಸಿಕೊಳ್ಳುತ್ತಿದ್ದರು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಕ 7ನೇ ಅಧ್ಯಾಯಕ್ಕೆ ಬನ್ನಿ. ಫರಿಸಾಯರನ್ನೂ ಶಾಸ್ತ್ರಿಗಳನ್ನೂ ಕರ್ತನು ಯಾವುದಕ್ಕೆ ಗದರಿಸಿದ? ತಂದೆತಾಯಿಗೆ ಸಲ್ಲಬೇಕಾದ ಸಹಾಯವನ್ನು "ಕೊರ್ಬಾನ್", ಅಂದರೆ ದೇವರಿಗೆ ಅರ್ಪಿತ, ಎಂದು ಹೇಳಿ ಕೈತೊಳೆದುಕೊಳ್ಳುವ ಸಂಪ್ರದಾಯಕ್ಕೆ. ಈ ಭಾಗವನ್ನು ನೂರು ಸಲ ಓದಿದ್ದೆ. ನನ್ನ ವಿಮಾನದ ಟಿಕೆಟ್ ಮೇಲೂ ಕೊರ್ಬಾನ್ ಅಂತ ಬರೆದಿದೆ ಎಂದು ಹೊಳೆಯಲೇ ಇಲ್ಲ. ಪ್ರಿಯರೇ, ಪ್ರವಾಸ ಹೋಗಬೇಕು ಅನ್ನೋ ಆಸೆ ಪಾಪ ಅಲ್ಲ. ಆ ಆಸೆಗೆ ದೇವರ ಸಹಿ ನಾವೇ ಹಾಕಿ, ಮನೆಯವರ ಬಾಯಿ ಮುಚ್ಚಿಸೋದು ಪಾಪ.

2. ಇನ್ನೊಂದು ಕಡೆಯ ಹಳ್ಳ

ಅಪರಾಧಿ ಭಾವ ಬಂದ ಮೇಲೆ ನಾನೇನು ಮಾಡಿದೆ? ಎಲ್ಲರಿಗೂ, ಎಲ್ಲದಕ್ಕೂ "ಹೂಂ" ಅಂದೆ. ಪುಣೆಯಲ್ಲಿ ಮಗಳಿಗೆ ಹೆರಿಗೆ: ಹೂಂ. ಆರು ತಿಂಗಳು ಅಲ್ಲೇ ಇರಿ: ಹೂಂ. ತಮ್ಮನ ಮನೆ ಕಟ್ಟಿಸೋದು ನೋಡ್ಕೊಳ್ಳಬೇಕು: ಹೂಂ. ಸಭೆಯ ಕಟ್ಟಡದ ಲೆಕ್ಕ: ಅದಕ್ಕೂ ಹೂಂ. ಜನ ನನ್ನನ್ನು ಹೊಗಳಿದರು. ಅದಕ್ಕೆಲ್ಲ ಬೆಲೆ ತೆತ್ತವಳು ನನ್ನ ಹೆಂಡತಿ.

ಅವಳಿಗೆ ಇದ್ದದ್ದು ಒಂದೇ ಆಸೆ. ಒಮ್ಮೆ ಹಿಮ ಮುಟ್ಟಿ ನೋಡಬೇಕು. ಮೂರು ಸಲ ಟಿಕೆಟ್ ಮಾಡಿದೆವು, ಮೂರು ಸಲವೂ ಕ್ಯಾನ್ಸಲ್. ಒಮ್ಮೆ ಮಗಳ ಮನೆ ಕೆಲಸದವರು ಬಿಟ್ಟುಹೋದರು. ಒಮ್ಮೆ ತಮ್ಮನ ಗೃಹಪ್ರತಿಷ್ಠೆ. ಮೂರನೇ ಸಲ ಕಾರಣ ಏನೆಂದು ನನಗೀಗ ನೆನಪೂ ಇಲ್ಲ, ಅವಳಿಗೆ ನೆನಪಿದೆ. ಪ್ರತಿ ಸಲವೂ ಅವಳನ್ನು ಕೇಳದೆ ನಾನೇ ರದ್ದು ಮಾಡಿದೆ. ಮೂರನೇ ಸಲ ಅವಳು ಜಗಳ ಆಡಲಿಲ್ಲ. ಉಲ್ಲನ್ ಸ್ವೆಟರ್‌ಗಳನ್ನು ಪುನಃ ಅಟ್ಟದ ಮೇಲಿನ ಪೆಟ್ಟಿಗೆಗೆ ತುಂಬುತ್ತಾ, "ರೀ, ನಿಮ್ಮ ರಿಟೈರ್ಮೆಂಟ್ ಆಯ್ತು. ನನ್ನದು ಯಾವಾಗ?" ಅಂದಳು. ಅಷ್ಟರಲ್ಲಿ ಅವಳ ಮಂಡಿನೋವು ಶುರುವಾಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲು ಅಮ್ಮನ ವಿಷಯದಲ್ಲಿ "ಹೋಗ್ತೀನಿ" ಎಂದು ತಪ್ಪು ಮಾಡಿದೆ. ಆಮೇಲೆ ಹೆಂಡತಿಯ ವಿಷಯದಲ್ಲಿ "ಹೋಗಲ್ಲ" ಎಂದು ತಪ್ಪು ಮಾಡಿದೆ. ಹಾಗಾದರೆ ತಪ್ಪು ಹೋಗೋದರಲ್ಲೂ ಇಲ್ಲ, ಇರೋದರಲ್ಲೂ ಇಲ್ಲ. ತಪ್ಪು ಎಲ್ಲಿದೆ?

3. ಪೌಲನ ಪ್ರಯಾಣದ ಪಟ್ಟಿ

ಉತ್ತರ ರೋಮಾಪುರದವರಿಗೆ 15ನೇ ಅಧ್ಯಾಯದಲ್ಲಿ ಸಿಕ್ಕಿತು. ಪೌಲನಿಗೆ ಸ್ಪೇನ್ ದೇಶಕ್ಕೆ ಹೋಗುವ ಆಸೆ. ದಾರಿಯಲ್ಲಿ ರೋಮಿನವರನ್ನು ನೋಡಬೇಕೆಂದು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದಾನೆ. ಆದರೆ ಅವನ ಕೈಯಲ್ಲಿ ಮಕೆದೋನ್ಯ ಮತ್ತು ಅಖಾಯದ ಸಭೆಗಳವರು ಯೆರೂಸಲೇಮಿನ ಬಡ ಭಕ್ತರಿಗಾಗಿ ಕೂಡಿಸಿದ ಹಣ ಇದೆ. ಈ ಪತ್ರ ಬರೆಯುವಾಗ ಅವನು ಕೊರಿಂಥದ ಕಡೆ ಇದ್ದನೆಂದು ಹೆಚ್ಚಿನ ಪಂಡಿತರು ಹೇಳುತ್ತಾರೆ. ಮ್ಯಾಪ್ ತೆಗೆದು ನೋಡಿ: ಅಲ್ಲಿಂದ ರೋಮ್ ಮತ್ತು ಸ್ಪೇನ್ ಪಶ್ಚಿಮಕ್ಕೆ, ಯೆರೂಸಲೇಮ್ ಪೂರ್ವಕ್ಕೆ. ಪೂರ್ತಿ ಉಲ್ಟಾ ದಿಕ್ಕು! ಆದರೂ ಮೊದಲು ಪೂರ್ವಕ್ಕೆ ಹೋಗುತ್ತೇನೆ, ಅದು ಮುಗಿಸಿ ನಿಮ್ಮ ಮಾರ್ಗವಾಗಿ ಸ್ಪೇನಿಗೆ ಹೋಗುತ್ತೇನೆ ಎಂದು ಬರೆಯುತ್ತಾನೆ.

ಇಲ್ಲಿ ಮೂರು ಸಂಗತಿ ಗಮನಿಸಿ. ಒಂದು, ಅವನು ಸ್ಪೇನಿನ ಆಸೆಯನ್ನು ಮುಚ್ಚಿಡಲಿಲ್ಲ. ಎರಡು, ಕಾಯಲಾರದವರನ್ನು ಮೊದಲು ಇಟ್ಟ. ಹಸಿದವನು ಕಾಯೋಕಾಗಲ್ಲ, ಸ್ಪೇನ್ ಕಾಯುತ್ತೆ. ಮೂರು, ಈ ಕ್ರಮವನ್ನು ಸಂಬಂಧಪಟ್ಟವರಿಗೆ ಮುಂಚಿತವಾಗಿ ಬರೆದು ತಿಳಿಸಿದ. ನಾನು ಎರಡೂ ಸಲ ಬಿಟ್ಟದ್ದು ಈ ಮೂರನೆಯದನ್ನು. ನನ್ನ ಪಟ್ಟಿ ನನ್ನ ತಲೆಯೊಳಗೇ ಇತ್ತು. ಮನೆಯವರಿಗೆ ಗೊತ್ತಾಗುತ್ತಿದ್ದದ್ದು ತೀರ್ಪು ಮಾತ್ರ.

ಪೌಲನ ಯೋಜನೆಗಳೂ ಬದಲಾದವು. ಬರುತ್ತೇನೆಂದು ಹೇಳಿ ಬರಲಿಲ್ಲ, ಇವನ ಮಾತಿಗೆ ತೂಕವಿಲ್ಲ ಎಂದು ಕೊರಿಂಥದವರು ಆಕ್ಷೇಪಿಸಿದರು. 2 ಕೊರಿಂಥದವರಿಗೆ ಮೊದಲನೇ ಅಧ್ಯಾಯ ಓದಿ: ಅವನು ಸಿಟ್ಟಾಗಿ ಸುಮ್ಮನಾಗಲಿಲ್ಲ, ಯಾಕೆ ಬರಲಿಲ್ಲವೆಂದು ಕಾರಣ ಹೇಳಿದ. ಪೌಲ ಕೊನೆಗೆ ರೋಮಿಗೆ ಹೋದದ್ದು ಕೈದಿಯಾಗಿ. ಸ್ಪೇನ್ ಮುಟ್ಟಿದನೋ ಇಲ್ಲವೋ, ಬೈಬಲ್ ಹೇಳುವುದಿಲ್ಲ. ಯಾಕೋಬನು 4ನೇ ಅಧ್ಯಾಯದಲ್ಲಿ ಕಲಿಸುವುದೂ ಇದನ್ನೇ: ಯೋಜನೆ ಮಾಡಬೇಡಿ ಅಂತಲ್ಲ, ನಾಳೆ ನಿಮ್ಮ ಕೈಯಲ್ಲಿದೆ ಎಂಬಂತೆ ಮಾಡಬೇಡಿ ಅಂತ.

ನಾನು ಕಲ್ಲಿನ ಯೆರೂಸಲೇಮಿಗೆ ಹೋಗಿ ಫೋಟೋ ತೆಗೆಸಿಕೊಂಡೆ. ಆ ನವೆಂಬರ್‌ನಲ್ಲಿ ನನ್ನ ನಿಜವಾದ ಯೆರೂಸಲೇಮ್ ತಿಪಟೂರಿನಲ್ಲಿತ್ತು.

4. ನಾವು ಮನೆಯಲ್ಲಿ ಮಾಡಿದ್ದು

2023ರ ಜನವರಿಯಲ್ಲಿ ಮೊದಲನೇ ಸಲ ಎಲ್ಲರೂ ಕೂತೆವು. ಅಮ್ಮ, ತಮ್ಮ ಮತ್ತು ಮಗಳು ಫೋನಲ್ಲಿ. ಮೊದಲು ನಾನು ಅಮ್ಮನಿಗೂ ತಮ್ಮನಿಗೂ ಕ್ಷಮೆ ಕೇಳಿದೆ. ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿ ಟೇಬಲ್ ಮೇಲಿಟ್ಟೆವು. ಅಂದಿನಿಂದ ಪ್ರತಿ ವರ್ಷ ಹೀಗೇ ಮಾಡ್ತೀವಿ.

ಕಾಯಲಾರದ್ದನ್ನು ಮೊದಲು ಬರೀತೀವಿ: ಹೆರಿಗೆ, ಆಪರೇಷನ್, ಅಮ್ಮನ ಚೆಕಪ್. ಅದರ ನಂತರ ಕಾಯಬಲ್ಲದ್ದು. ಆದರೆ ಅದಕ್ಕೂ ದಿನಾಂಕ ಬೇಕು. "ಆಮೇಲೆ ನೋಡೋಣ" ಅನ್ನೋದು ದಿನಾಂಕ ಅಲ್ಲ. ನಾವು ಊರಲ್ಲಿ ಇಲ್ಲದಾಗ ಯಾರು ಅಂತಲೂ ಬರೀತೀವಿ: ಅಮ್ಮನ ಮಾತ್ರೆಗಳ ಪಟ್ಟಿ ಯಾರ ಹತ್ತಿರ, ರಾತ್ರಿ ಫೋನ್ ಬಂದರೆ ಯಾರು ಓಡಬೇಕು, ತಮ್ಮ ಅಂಗಡಿ ಮುಚ್ಚಿ ಬಂದರೆ ಅವನಿಗಾಗುವ ನಷ್ಟದಲ್ಲಿ ನನ್ನ ಪಾಲೆಷ್ಟು. ಕೊನೆಯ ಮಾತು: ಬದಲಾಯಿಸಬೇಕಾದರೆ ಇಬ್ಬರೂ ಸೇರಿ ಬದಲಾಯಿಸಬೇಕು, ಹೊಸ ದಿನಾಂಕ ಅಂದೇ ಬರೆಯಬೇಕು. ರೈಲು ಟಿಕೆಟ್ 2024ರ ನವೆಂಬರ್‌ನಿಂದ 60 ದಿನ ಮುಂಚೆ ಮಾತ್ರ ತೆರೆಯುತ್ತೆ, ಮೊದಲು 120 ದಿನ ಇತ್ತು. ನನಗೆ ಅದು ಒಳ್ಳೆಯದೇ ಆಯಿತು. ಟಿಕೆಟ್ ಮಾಡುವ ಮುಂಚೆ ಮನೆಯವರನ್ನು ಇನ್ನೊಮ್ಮೆ ಕೇಳೋಕೆ ಸಮಯ ಸಿಗುತ್ತೆ.

ಹಾಗೆ ಬರೆದಿಟ್ಟ ದಿನಾಂಕದಲ್ಲೇ, 2024ರ ಫೆಬ್ರವರಿ ಕೊನೆಯಲ್ಲಿ, ನಾವಿಬ್ಬರೂ ಗುಲ್ಮಾರ್ಗಕ್ಕೆ ಹೋದೆವು. ಮಂಡಿನೋವಿನವಳು ಬೆಟ್ಟ ಹತ್ತಲಾರಳು, ಅಲ್ಲಿ ಗೊಂಡೋಲಾ ಇದೆ. ಮೇಲೆ ಇಳಿದ ತಕ್ಷಣ ಗ್ಲೌಸ್ ತೆಗೆದು ಬರಿಗೈಯಲ್ಲಿ ಹಿಮ ಹಿಡಿದಳು. "ಉಪ್ಪಿನ ಹಾಗೆ ಇರುತ್ತೆ ಅಂದ್ಕೊಂಡಿದ್ದೆ" ಅಂದಳು. ಆವತ್ತು ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಅಮ್ಮ ಮೊಬೈಲ್ ದೂರ ಹಿಡಿದು ಚೆನ್ನಾಗಿ ನೋಡಿ, "ಬೆಳ್ಳಗೆ ಕಾಣ್ತಿದೆ ಕಣಮ್ಮ, ಸ್ಪಷ್ಟವಾಗಿ" ಅಂದ್ರು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

5. ಯೌವನಸ್ಥರೇ, ನಿಮಗೆ

ಬೇಗ ನಿವೃತ್ತಿ ಬೇಕು ಅನ್ನೋರು ಕೇಳಿ. ಲೂಕ 14ರಲ್ಲಿ ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ. ನೀವೂ ಹಾಕಿ. ಪಿಎಫ್ ಜೊತೆಗಿರುವ ಪಿಂಚಣಿ ಪೂರ್ತಿ ಸಿಗೋದು 58ಕ್ಕೆ. 50 ದಾಟಿದ ಮೇಲೆ ಬೇಗ ತೆಗೆದುಕೊಳ್ಳಬಹುದು, ಆದರೆ ಬೇಗ ತೆಗೆದುಕೊಂಡ ಒಂದೊಂದು ವರ್ಷಕ್ಕೂ 4 ಪರ್ಸೆಂಟ್ ಕಡಿಮೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಾಮಾನ್ಯವಾಗಿ 60ಕ್ಕೆ, ನಿವೃತ್ತರಾದವರಿಗೆ 55ರಿಂದ. 54ಕ್ಕೆ ಬಿಟ್ಟ ನಾನು ಹೊರಗೇ ಉಳಿದೆ. ಕೆಲಸ ಬಿಟ್ಟ ದಿನ ಕಂಪನಿಯ ಇನ್ಶೂರೆನ್ಸ್ ಸಾಮಾನ್ಯವಾಗಿ ಮುಗಿಯುತ್ತೆ, ಅಪ್ಪ-ಅಮ್ಮನ ಆಸ್ಪತ್ರೆ ಖರ್ಚು ಶುರುವಾಗೋದೂ ಅದೇ ಹೊತ್ತಿಗೆ. ನೀವು 45ಕ್ಕೆ ಬಿಟ್ಟಾಗ ಅವರಿಗೆ 70, 75 ಆಗಿರುತ್ತೆ. ಎಕ್ಸೆಲ್ ಶೀಟಲ್ಲಿ ಥೈಲ್ಯಾಂಡ್‌ಗೆ ಒಂದು ಸಾಲಿದ್ದರೆ ಅವರಿಗೂ ಒಂದು ಸಾಲಿರಲಿ. ಹಣದ ಸಾಲಷ್ಟೇ ಅಲ್ಲ, ದಿನಗಳ ಸಾಲು.

ಅಪ್ಪ-ಅಮ್ಮ ಈಗ ತಾನೇ ರಿಟೈರ್ ಆದವರು ಕೇಳಿ. ಅರಣ್ಯಕಾಂಡ 8ರಲ್ಲಿ ಲೇವಿಯರಿಗೆ 50 ವರ್ಷವಾದಾಗ ದೇವರೇ ಭಾರದ ಕೆಲಸದಿಂದ ಬಿಡುಗಡೆ ಕೊಟ್ಟ. ಆಮೇಲೆ ಅವರು ತಮ್ಮ ಸಹೋದರರಿಗೆ ನೆರವಾಗಬಹುದಿತ್ತು, ಆದರೆ ಭಾರ ಹೊರಬೇಕಾಗಿರಲಿಲ್ಲ. ನೆರವು ಬೇರೆ, ಭಾರ ಬೇರೆ. ನಿಮ್ಮ ಮಗುವನ್ನು ಅಜ್ಜಿ-ತಾತ ಪ್ರೀತಿಯಿಂದ ನೋಡ್ಕೊಳ್ತಾರೆ, ಅದು ನೆರವು. ಅವರನ್ನು ಕೇಳದೆ ಡೇಕೇರ್ ಬಿಡಿಸಿಬಿಟ್ಟರೆ ಅದು ಭಾರ. ಇವತ್ತು ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿ: "ಅಮ್ಮಾ, ನೀನು ಎಲ್ಲಿಗೆ ಹೋಗಬೇಕು ಅಂತಿದ್ದೆ?" "ಏನಿಲ್ಲ ಬಿಡು" ಅಂತಾರೆ. ಬಿಡಬೇಡಿ, ಇನ್ನೊಮ್ಮೆ ಕೇಳಿ. ಅಟ್ಟದ ಮೇಲೆ ಯಾವ ಪೆಟ್ಟಿಗೆ ಇದೆಯೋ ಯಾರಿಗೆ ಗೊತ್ತು?

ಧ್ಯಾನಿಸಲು ಪ್ರಶ್ನೆಗಳು

1. ನನ್ನ ಯಾವ ಆಸೆಗೆ ನಾನು "ದೇವರ ಚಿತ್ತ" ಎಂಬ ಹೆಸರಿಟ್ಟು ಮನೆಯವರ ಮಾತು ನಿಲ್ಲಿಸಿದ್ದೇನೆ?
2. ಈ ವರ್ಷ ನನ್ನ ಮನೆಯಲ್ಲಿ ಕಾಯಲಾರದವರು ಯಾರು?
3. "ಆಮೇಲೆ" ಎಂದು ನಾನು ಯಾರಿಗೆ ಹೇಳಿದ್ದೇನೆ? ಅದಕ್ಕೆ ಈ ವಾರವೇ ದಿನಾಂಕ ಕೊಡಬಹುದೇ?

ಪ್ರಾರ್ಥನೆ ಮಾಡೋಣ. ಕರ್ತನೇ, ನಮ್ಮ ಹೋಗುವಿಕೆಯೂ ಬರುವಿಕೆಯೂ ನಿನ್ನ ಕೈಯಲ್ಲಿವೆ. ನಿನ್ನ ಹೆಸರಿನ ಹಿಂದೆ ನಾವು ಬಚ್ಚಿಟ್ಟುಕೊಂಡದ್ದನ್ನು ಕ್ಷಮಿಸು. ಮೊದಲು ಯಾರ ಮನೆ ಬಾಗಿಲಿಗೆ ಹೋಗಬೇಕೆಂದು ತೋರಿಸು. ಆಮೇಲಿನ ದಾರಿಯಲ್ಲಿ ಸಂತೋಷದಿಂದ ನಡೆಯುವ ಧೈರ್ಯವನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.